ಎಂಬತ್ತರವರೆಗೆ

"ಅರವತ್ತಕ್ಕೆ ಸಾಕು," ಎಂದು ಪಾಲಿಸಿಯವನು ಪೆನ್ನಿನ ತುದಿಯನ್ನು ಪಟ್ಟಿಯ ಕೊನೆಯ ಸಾಲಿನ ಮೇಲಿಟ್ಟ. "ಅಷ್ಟೊತ್ತಿಗೆ ಎಲ್ಲರ ಜವಾಬ್ದಾರೀನೂ ಮುಗಿದಿರುತ್ತೆ. ನೋಡಿ, ಕಂಪನಿಯವರೇ ಬರೆದಿದ್ದಾರೆ."

ದರ್ಜಿ ಹೆಂಗಸು ಅವನು ಸಡಿಲಿಸಲು ಕೊಟ್ಟಿದ್ದ ಪ್ಯಾಂಟಿನ ಸೊಂಟದ ಹೊಲಿಗೆ ಬಿಚ್ಚುತ್ತಲೇ ಅತ್ತ ಕಣ್ಣು ಹಾಯಿಸಿದಳು. ಮದುವೆ, ಮಗು, ಮನೆಯ ಸಾಲ, ಮಕ್ಕಳ ಓದು, ನಿವೃತ್ತಿ. ಬದುಕಿನ ಒಂದೊಂದು ಘಟ್ಟಕ್ಕೆ ಒಂದೊಂದು ಬಣ್ಣ, ಅದರ ಮುಂದೆ ಎಷ್ಟು ವರ್ಷಕ್ಕೆ ಎಷ್ಟು ಮೊತ್ತದ ವಿಮೆ ಎಂಬ ಸಲಹೆ. ನಲವತ್ತಾರರ ಈ ಪ್ರಾಯದವರೆಗೆ ಅವಳು ಆ ಯಾವ ಬಣ್ಣದೊಳಗೂ ಕಾಲಿಟ್ಟವಳಲ್ಲ. ಅರ್ಜಿಯಲ್ಲಿ 'ಅವಲಂಬಿತರು' ಎಂಬುದರ ಮುಂದೆ ಅವನು ಕೇಳದೆಯೇ 'ಇಲ್ಲ' ಎಂದು ಬರೆದುಬಿಟ್ಟಿದ್ದ.

"ಅದನ್ನ ಹೊಡೆದುಹಾಕಿ," ಎಂದಳು. "ಅಲ್ಲಿ ಕೂತಿದ್ದಾನಲ್ಲ."

ಕಿಟಕಿಯ ಬಳಿ ಅವಳ ತಮ್ಮ ಪುಟ್ಟ, ಕೋಟೊಂದರ ಕಚ್ಚಾ ಹೊಲಿಗೆಯ ಬಿಳಿ ದಾರಗಳನ್ನು ಎಳೆದೆಳೆದು ಡಬ್ಬಿಗೆ ಹಾಕುತ್ತಿದ್ದ. ವಯಸ್ಸು ಮೂವತ್ತೆಂಟು, ಕಿವಿಯ ಬಳಿ ಕೂದಲು ನರೆತಿತ್ತು. ತಿಳಿವಳಿಕೆ ಮಾತ್ರ ಎಂಟನೆಯ ವರ್ಷದಲ್ಲೇ ನಿಂತುಹೋಗಿತ್ತು. ತಂದೆತಾಯಿ ತೀರಿಕೊಂಡ ಮೇಲೆ ಅವನ ಸ್ನಾನ, ಊಟ, ನಿದ್ದೆಗಳೆಲ್ಲ ಅಕ್ಕನ ಪಾಲಿಗೆ ಬಂದಿದ್ದವು.

"ನನಗೆ ಅರವತ್ತಾದಾಗ ಇವನಿಗೆ ಐವತ್ತೆರಡು. ಆಮೇಲೆ ಇವನಿಗೆ ಹೊಟ್ಟೆ ಹಸಿಯೋದು ನಿಂತುಹೋಗುತ್ತಾ?"

ಪಾಲಿಸಿಯವನು ಪಟ್ಟಿಯನ್ನು ಮಡಿಚಿ ಚೀಲಕ್ಕೆ ಸೇರಿಸಿದ. "ಎಂಬತ್ತರವರೆಗೂ ತಗೋಬಹುದು. ಆದರೆ ಕಂತು ಜಾಸ್ತಿ. ನಿಮ್ಮ ಕೈಗೆ ಎಟುಕಬೇಕು ಅಂದ್ರೆ ಮೊತ್ತ ಅರ್ಧಕ್ಕೆ ಇಳಿಸಬೇಕಾಗುತ್ತೆ."

"ಇಳಿಸಿ. ಅಗಲ ಕಮ್ಮಿಯಾದ್ರೂ ಉದ್ದ ಇರಲಿ."

"ಇನ್ನೊಂದು, ಟೈಲರಮ್ಮ. ಇದು ಟರ್ಮ್ ಪಾಲಿಸಿ. ಅವಧಿ ಮುಗಿಯೋವರೆಗೂ ಬದುಕಿದ್ರೆ ಒಂದು ಕಾಸೂ ವಾಪಸ್ ಬರಲ್ಲ. ಆಮೇಲೆ ನನ್ನ ಕುತ್ತಿಗೆ ಹಿಡೀಬೇಡಿ."

"ಬದುಕಿದ್ರೆ ನಾನೇ ಇರ್ತೀನಲ್ಲ," ಎಂದು ಅವಳು ಪ್ಯಾಂಟನ್ನು ಬೆಳಕಿಗೆ ಹಿಡಿದಳು. "ನಿಮ್ಮ ಕುತ್ತಿಗೆ ಬಿಡಿ, ಸೊಂಟದ ಯೋಚನೆ ಮಾಡಿ. ಹೊಲಿಗೆ ಒಳಗೆ ಬಿಟ್ಟಿದ್ದ ಬಟ್ಟೆ ಇಲ್ಲಿಗೆ ಮುಗೀತು. ಮುಂದಿನ ಸಲ ನೀವೇ ಇಳೀಬೇಕು."

ಪುಟ್ಟ ಗಟ್ಟಿಯಾಗಿ ನಕ್ಕ. ಪಾಲಿಸಿಯವನೂ ನಗುತ್ತಲೇ, ಪುಟ್ಟನ ಪರವಾಗಿ ಹಣ ನೋಡಿಕೊಳ್ಳುವವರು ಯಾರೆಂದು ಕೇಳಿದ. ಅವಳು ಬೇರೆ ಊರಿನ ತಂಗಿಯ ಹೆಸರು ಬರೆಸಿದಳು.

"ಒಪ್ಪಿದ್ದಾರಾ?"

"ಫೋನಲ್ಲಿ ಹೂಂ ಅಂದಳು. ಗಂಡ ಪಕ್ಕದಲ್ಲಿದ್ನೇನೋ, ಮೆಲ್ಲಗೆ ಅಂದಳು. ಆದರೂ ಅಂದಳು. ಇವನನ್ನ ಬರಿಗೈಲಿ ಅವಳ ಬಾಗಿಲಿಗೆ ಕಳಿಸಬಾರದು ನೋಡಿ, ಅದಕ್ಕೇ ಇಷ್ಟೆಲ್ಲ."

ಅವಳು ತೋರಿಸಿದಲ್ಲೆಲ್ಲ ಸಹಿ ಮಾಡಿದಳು. ಅರ್ಜಿಯನ್ನು ಚೀಲದಲ್ಲಿ ಇಡುತ್ತಿದ್ದವನು ತಡೆದು, ಪುಟ್ಟನನ್ನು ಒಮ್ಮೆ ನೋಡಿದ.

"ನಿಮಗೇನಾದ್ರೂ ಆದ್ರೆ, ದುಡ್ಡು ಬರೋಕೆ ಒಂದು ತಿಂಗಳಾದ್ರೂ ಹಿಡಿಯುತ್ತೆ. ತಂಗಿ ಬಂದು ಸೇರೋಕೆ ಒಂದು ದಿನ. ಆ ಒಂದು ದಿನ ಇವರು ಏನು ಮಾಡ್ತಾರೆ? ಒಂದು ಲೋಟ ಟೀ ಕಾಯಿಸ್ಕೊಳ್ಳೋಕಾದ್ರೂ ಬರುತ್ತಾ?"

"ಒಲೆ ಹತ್ತಿರ ಬಿಡಲ್ಲ. ಚಿಕ್ಕವನಿದ್ದಾಗ ತೋಳು ಸುಟ್ಕೊಂಡಿದ್ದ."

"ಸುಮ್ಮನೆ ಕೇಳಿದೆ," ಎಂದು ಅವನು ಎದ್ದ. ಸೋಮವಾರ ರಕ್ತಪರೀಕ್ಷೆ, ಪ್ಯಾಂಟು ಬುಧವಾರ ಎಂದು ಮಾತಾಯಿತು.

ಅವನು ಹೋದ ಮೇಲೆ ಅವಳು ಸೂಜಿಯನ್ನು ಪ್ಯಾಂಟಿಗೆ ಚುಚ್ಚಿಟ್ಟು ಎದ್ದಳು. ಸ್ಟೂಲು ಹತ್ತಿ, ಕಪಾಟಿನ ನೆತ್ತಿಯ ಮೇಲೆ ಮೂವತ್ತು ವರ್ಷಗಳಿಂದ ಅಡಗಿಸಿಡುತ್ತ ಬಂದಿದ್ದ ಬೆಂಕಿಪೊಟ್ಟಣವನ್ನು ಇಳಿಸಿದಳು.

"ಪುಟ್ಟ, ಒಳಗೆ ಬಾ."

ಅಡುಗೆಮನೆಯಲ್ಲಿ ಒಲೆಯ ಪಕ್ಕಕ್ಕೆ ನೀರಿನ ಪಾತ್ರೆಯಿಟ್ಟು, ಪೊಟ್ಟಣವನ್ನು ಅವನ ಅಂಗೈಯಲ್ಲಿಟ್ಟಳು. "ಮೊದಲು ಕಡ್ಡಿ ಗೀರು. ಆಮೇಲೆ ಗ್ಯಾಸು ತಿರುಗಿಸು."

"ಸುಡುತ್ತೆ ಅಕ್ಕ."

"ಸುಡುತ್ತೆ. ಅದಕ್ಕೇ ಹಿಂದಿನ ತುದಿ ಹಿಡ್ಕೋಬೇಕು."

ಮೊದಲನೆಯ ಕಡ್ಡಿ ಮುರಿಯಿತು. ಎರಡನೆಯದು ಅವನ ಉಸಿರಿಗೇ ಆರಿತು. "ನೀನೇ ಮಾಡು," ಎಂದು ಪೊಟ್ಟಣವನ್ನು ಮುಂದೆ ಚಾಚಿದ. ಅವಳು ಬಾಗಿಲವರೆಗೆ ಹಿಂದೆ ಸರಿದಳು.

ಮೂರನೆಯ ಕಡ್ಡಿ ಹತ್ತಿಕೊಂಡಿತು. ಪುಟ್ಟ ಗ್ಯಾಸಿನ ಗುಂಡಿಯನ್ನು ಮರೆತು ಆ ಉರಿಯನ್ನೇ ನೋಡುತ್ತ ನಿಂತ. ಅದು ಕಡ್ಡಿಯುದ್ದಕ್ಕೂ ಅವನ ಬೆರಳಿನತ್ತ ಇಳಿದು ಬರುತ್ತಿತ್ತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡಳು.