ಟ್ಯಾಂಕಿನ ಬಲಮಗ್ಗುಲು

"ಗಾಡೀನ ಸ್ವಲ್ಪ ಎಡಕ್ಕೆ ವಾಲಿಸಿ. ಪೆಟ್ರೋಲು ಕಾಕ್ ಕಡೆ ಬರ್ಲಿ," ಎಂದರು ತಪಾಸಣೆಯವರು.

ಅಣ್ಣ ಹ್ಯಾಂಡಲು ಹಿಡಿದು ಗಾಡಿಯನ್ನು ವಾಲಿಸಿದ. ಬೈಕ್ ರೇಸು ಮುಗಿದು ಹತ್ತು ನಿಮಿಷವೂ ಆಗಿರಲಿಲ್ಲ, ಇಂಜಿನ್ನು ಟಿಕ್ ಟಿಕ್ ಎನ್ನುತ್ತ ಆರುತ್ತಿತ್ತು. ಟ್ಯಾಂಕಿನ ಬಲಮಗ್ಗುಲಲ್ಲಿ ತಂಗಿದ್ದ ಪೆಟ್ರೋಲು ತಳದ ನಡುವೆ ಉಬ್ಬಿದ ದಿಬ್ಬವನ್ನು ದಾಟಿ ಎಡಕ್ಕೆ, ಕಾಕ್ ಎಂಬ ನಲ್ಲಿಯ ಕಡೆಗೆ ಬಿತ್ತು. ಗುಳುಕ್ ಎಂಬ ಒಂದೇ ಸದ್ದು. ಅದು ಕಿವಿಗೆ ಬಿದ್ದದ್ದೇ, ರೇಸಿಗೆ ಮೊದಲು ಬಲಮಗ್ಗುಲನ್ನು ಬರಿದು ಮಾಡಿರಲಿಲ್ಲ ಎಂಬುದು ಅವನಿಗೆ ನೆನಪಾಯಿತು.

ಶೆಡ್ಡಿನ ಹೊರಗೆ ಗಲಾಟೆಯೋ ಗಲಾಟೆ. ತಂಗಿ ಗೆದ್ದಿದ್ದಳು. ಹದಿನೆಂಟು ಜನ ಗಂಡಸರನ್ನು ಹಿಂದೆ ಹಾಕಿ, ಕೊನೆಯ ತಿರುವಿನಲ್ಲಿ ಒಂದು ಗೇಣು ಜಾಗದಲ್ಲಿ ನುಗ್ಗಿ ಬಂದಿದ್ದಳು. ಒಳಗೆ ತಪಾಸಣೆಯವರು ಎರಡು ಸೀಸೆಗಳನ್ನು ತುಂಬಿಸಿ, ಮುಚ್ಚಳಕ್ಕೆ ಅರಗಿನ ಮುದ್ರೆ ಹಾಕಿದರು. ಒಂದು ಪರೀಕ್ಷೆಗೆ. ಇನ್ನೊಂದು, ಯಾರಾದರೂ ಫಲಿತಾಂಶ ಒಪ್ಪದಿದ್ದರೆ ತೆರೆಯುವುದಕ್ಕೆ. ಮೈದಾನದ ಬಂಕಿನಲ್ಲಿ ಕೊಟ್ಟ ಪೆಟ್ರೋಲನ್ನೇ ಎಲ್ಲರೂ ಓಡಿಸಬೇಕು, ಅದರಲ್ಲಿ ಬೇರೆ ಒಂದು ಹನಿಯೂ ಸೇರಿರಬಾರದು. ಅದು ನಿಯಮ.

"ಚೊಕ್ಕಣ್ಣನ ಗಾಡಿಗೆ ಎರಡು ಸೀಸೆ ಯಾಕೆ ಸಾರ್ ದಂಡ?" ಎಂದು ಪಕ್ಕದ ಡೇರೆಯ ಮೆಕ್ಯಾನಿಕ್ ನಕ್ಕ. "ಇವನ ಪೆಟ್ರೋಲನ್ನ ಮಕ್ಕಳಿಗೆ ಕುಡಿಸಬಹುದು."

ಚೊಕ್ಕಣ್ಣ ಎಂದೇ ಅವನನ್ನು ಎಲ್ಲರೂ ಕರೆಯುತ್ತಿದ್ದುದು. ಅವನ ಸ್ಪ್ಯಾನರುಗಳನ್ನು ಬಿಳಿ ಬಟ್ಟೆಯ ಮೇಲೆ ಜೋಡಿಸಿಡುವ ಚಂದ ನೋಡಿ ಬಿದ್ದ ಹೆಸರು. ಅವನು ಪಟ್ಟಿ ಬರೆದಿಟ್ಟುಕೊಂಡು ಕೆಲಸ ಮಾಡುವವನಲ್ಲ. ಅಮ್ಮ ಬೆಳಗಿನ ಹೊತ್ತು ಮನೆ ಗುಡಿಸುತ್ತ ಹೇಳಿಕೊಳ್ಳುತ್ತಿದ್ದ ದೇವರ ಪದ್ಯಗಳು ಅವನಿಗೆ ಬಾಯಿಪಾಠ. ಓದಿ ಕಲಿತದ್ದಲ್ಲ, ಹಾಸಿಗೆಯಲ್ಲಿ ಮಲಗಿದ್ದೇ ಕೇಳಿ ಕಲಿತದ್ದು. ಒಂದೊಂದು ಪದ್ಯಕ್ಕೆ ಒಂದೊಂದು ಕೆಲಸ. ಮೊದಲನೆಯದಕ್ಕೆ ಚೈನಿನ ಬಿಗಿ, ಎರಡನೆಯದಕ್ಕೆ ಬ್ರೇಕು, ಮೂರಕ್ಕೆ ಪ್ಲಗ್ಗು, ಹೀಗೆ. ಪದ್ಯ ಮುಗಿದರೆ ಕೆಲಸ ಮುಗಿಯಿತು. ದೇವರ ಹೆಸರಿನಲ್ಲಿ ಬಿಗಿದ ಬೋಲ್ಟು ಸಡಿಲವಾಗುವುದಿಲ್ಲ ಎಂದು ಅವನ ನಂಬಿಕೆ. ಹದಿಮೂರು ವರ್ಷ ಒಂದೂ ಸಡಿಲವಾಗಿರಲಿಲ್ಲ.

ತಂಗಿಯ ಮಣಿಕಟ್ಟು ಮುರಿದು ಗಾಡಿ ಮೂರು ತಿಂಗಳು ನಿಂತಿತ್ತು. ನಿಂತ ಗಾಡಿಯಲ್ಲಿ ಪೆಟ್ರೋಲು ಹಳಸಿ, ಕಾರ್ಬುರೇಟರಿನಲ್ಲಿ ಅಂಟು ಕಟ್ಟುತ್ತದೆ. ಹಾಗಾಗದಿರಲೆಂದು ಅವನು ಟ್ಯಾಂಕು ತುಂಬಿಸಿ ಒಂದು ಮುಚ್ಚಳ ಅಡಿಟಿವ್, ಪೆಟ್ರೋಲು ಕೆಡದಂತೆ ಕಾಯುವ ದ್ರವ, ಹಾಕಿಟ್ಟಿದ್ದ. ರೇಸಿಗೆ ಎರಡು ದಿನ ಇದ್ದಾಗ ಅದನ್ನೆಲ್ಲ ಖಾಲಿ ಮಾಡತೊಡಗಿದ. ಕಾಕ್ ಇರುವುದು ಎಡಕ್ಕೆ. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ಪೂರ್ತಿ ವಾಲಿಸದಿದ್ದರೆ ಬಲಮಗ್ಗುಲಲ್ಲಿ ಅರ್ಧ ಲೋಟ ಉಳಿದೇ ಉಳಿಯುತ್ತದೆ. ಇಳಿಸಲು ಹೋದಾಗ ಸೊಂಟ ಚುಳುಕ್ ಎಂದಿತು. ಹತ್ತು ಹೆಜ್ಜೆ ದೂರದಲ್ಲಿ ತಂಗಿ ಕೂತು ಕೈಗವಸು ಹೊಲಿದುಕೊಳ್ಳುತ್ತಿದ್ದಳು. ಪ್ಲಾಸ್ಟರು ತೆಗೆದು ಆಗಿನ್ನೂ ಮೂರು ವಾರ. ಇವಳನ್ನು ಎತ್ತು ಅಂತ ಹೇಗೆ ಕರೆಯಲಿ, ನೋವು ಸ್ವಲ್ಪ ಇಳಿಯಲಿ, ಆಮೇಲೆ ನಾನೇ ಮಾಡಿದರಾಯಿತು ಎಂದುಕೊಂಡ. ಆದರೆ ಬಾಯಿ ನಿಂತಿರಲಿಲ್ಲ. ನೋವು ನುಂಗಿಕೊಳ್ಳಲು ಅದೇ ಆಸರೆಯಾಗಿ, ಟ್ಯಾಂಕಿನ ಪದ್ಯವನ್ನು ಕಡೆಯ ಸಾಲಿನವರೆಗೂ ಹೇಳಿ ಮುಗಿಸಿತು. ಸೊಂಟ ಸಡಿಲವಾದಾಗ ಅವನು ಮುಂದಿನ ಪದ್ಯದಲ್ಲಿದ್ದ, ಏರ್ ಫಿಲ್ಟರ್ ಬಿಚ್ಚುತ್ತಿದ್ದ.

ಹೊರಗೆ ಬಂದಾಗ ತಂಗಿ ಓಡಿಬಂದು ಅವನ ಹೆಗಲು ಹಿಡಿದು ಅಲ್ಲಾಡಿಸಿದಳು.

"ಏನಣ್ಣಾ, ಗೆದ್ದಿದ್ದು ನಾನಾ, ಪಕ್ಕದ ಮನೆಯವ್ರಾ? ಹರಳೆಣ್ಣೆ ಕುಡಿದವನ ಥರ ಮುಖ ಮಾಡ್ಕೊಂಡಿದ್ದೀಯಲ್ಲ!"

"ಬಿಸಿಲು ಕಣೇ."

"ಕಂಪನಿ ಟೀಮಿನ ಮ್ಯಾನೇಜರು ಬಂದಿದ್ರು. ಫಲಿತಾಂಶ ಅಧಿಕೃತ ಆಗ್ಲಿ, ಆವತ್ತೇ ಕಾಗದ ಕಳಿಸ್ತೀನಿ ಅಂದ್ರು. ನಿನ್ನನ್ನೂ ಕರ್ಕೊಂಡು ಬಾ ಅಂದ್ರು, ಗೊತ್ತಾ?"

ಅವಳಿಗೆ ಇಪ್ಪತ್ತೊಂಬತ್ತು. ಮೂವತ್ತು ತುಂಬಿದವರನ್ನು ಆ ಟೀಮು ಹೊಸದಾಗಿ ತೆಗೆದುಕೊಳ್ಳುವುದಿಲ್ಲ. ಈ ವರ್ಷದ ಕೊನೆಯ ರೇಸು ಇದೇ ಆಗಿತ್ತು.

ಫಲಿತಾಂಶಕ್ಕೆ ಹದಿನೈದು ದಿನ. ಅಷ್ಟು ದಿನವೂ ಅವನು ಒಂದೇ ಲೆಕ್ಕ ಹಾಕಿದ. ಇಡೀ ಟ್ಯಾಂಕಿಗೆ ಒಂದು ಮುಚ್ಚಳ. ಅದರಲ್ಲಿ ಉಳಿದದ್ದು ಅರ್ಧ ಲೋಟ. ಅದಕ್ಕೆ ಟ್ಯಾಂಕಿನ ತುಂಬ ಹೊಸ ಪೆಟ್ರೋಲು ಬೆರೆತಿದೆ. ಪರೀಕ್ಷೆ ಮಾಡುವ ಯಂತ್ರದ ಕಣ್ಣಿಗೆ ಬೀಳದೇ ಇರಬಹುದು. ಬೆಳಿಗ್ಗೆ ಎದ್ದರೆ ಬೀಳದು ಎನಿಸುತ್ತಿತ್ತು, ಊಟಕ್ಕೆ ಕೂತರೆ ಬಿದ್ದೇ ಬೀಳುತ್ತದೆ ಎನಿಸುತ್ತಿತ್ತು. ಪದ್ಯ ಹೇಳಲು ಬಾಯಿ ಬರುತ್ತಿರಲಿಲ್ಲ. ಹೇಳಬೇಕೆಂದು ಮೂರು ಸಲ ಅವಳ ಕೋಣೆಯ ಬಾಗಿಲವರೆಗೆ ಹೋದ. ಮೂರು ಸಲವೂ ಅವಳು ನೆಲದ ಮೇಲೆ ಅಂಗಾತ ಮಲಗಿ, ಮುರಿದಿದ್ದ ಕೈಯಲ್ಲಿ ನೀರಿನ ಡಬ್ಬಿ ಎತ್ತಿ ಇಳಿಸುತ್ತಿದ್ದಳು. "ಐವತ್ತು ಆಯ್ತಣ್ಣಾ," ಎಂದಳು ಒಮ್ಮೆ. ಅವನು "ಭೇಷ್" ಎಂದು ಹಿಂದಿರುಗಿದ.

ಹದಿನೈದನೆಯ ದಿನ ಬಂದ ಕಾಗದದಲ್ಲಿ, ಇಂಧನದಲ್ಲಿ ಹೊರಗಿನ ಪದಾರ್ಥ ಪತ್ತೆಯಾಗಿದೆ, ಗೆಲುವು ರದ್ದು ಎಂದಿತ್ತು. ಒಪ್ಪದಿದ್ದರೆ ಬಂದು ಎರಡನೆಯ ಸೀಸೆ ತೆರೆಸಬಹುದು ಎಂದೂ ಇತ್ತು.

"ಮಣ್ಣು ತಿಂದಿದೆ ಇವರ ಯಂತ್ರ," ಎಂದಳು ತಂಗಿ. ಅವಳ ಕೆನ್ನೆ ಕೆಂಪಗಾಗಿತ್ತು, ಆದರೆ ಅಳು ಇರಲಿಲ್ಲ. "ಇಲ್ಲಾಂದ್ರೆ ಸೀಸೆ ತೊಳೆದಿರಲ್ಲ. ನಡಿ, ಇನ್ನೊಂದನ್ನ ನಮ್ಮ ಕಣ್ಮುಂದೇನೇ ತೆಗೀಲಿ."

ರೇಸು ನಡೆಸುವವರ ಕಚೇರಿಯ ಪಡಸಾಲೆಯಲ್ಲಿ ಒಂದು ಮರದ ಬೆಂಚು. ಒಳಗೆ ಯಾರೋ ಇದ್ದುದರಿಂದ ಇಬ್ಬರೂ ಕಾದರು. ತಂಗಿ ಮೊಣಕಾಲು ಕುಣಿಸುತ್ತ, ಒಳಗೆ ಹೋಗಿ ಏನೇನು ಹೇಳಬೇಕೆಂದು ಬೆರಳು ಮಡಚಿಕೊಳ್ಳುತ್ತಿದ್ದಳು.

"ನಮ್ಮಣ್ಣ ಸ್ಪ್ಯಾನರ್ ಕೂಡ ಸ್ನಾನ ಮಾಡಿಸಿ ಮುಟ್ಟೋನು ಅಂತೀನಿ. ಬೇಕಾದ್ರೆ ಇಡೀ ಮೈದಾನನ ಕೇಳಿ ಅಂತೀನಿ."

"ತೆಗೆಸೋದು ಬೇಡ ಕಣೇ," ಎಂದ ಅಣ್ಣ.

"ಯಾಕೆ?"

"ಅದರಲ್ಲೂ ಅದೇ ಇರತ್ತೆ."

ಅವಳ ಮೊಣಕಾಲು ನಿಂತಿತು. ಅವನು ಹೇಳಿದ. ಮುಚ್ಚಳ, ಬಲಮಗ್ಗುಲು, ಸೊಂಟ, ಆ ಸದ್ದು. ನೆಲ ನೋಡುತ್ತಲೇ ಹೇಳಿದ. ಹೇಳಿ ಮುಗಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಆವತ್ತೇ ಗೊತ್ತಿತ್ತಾ ನಿಂಗೆ?"

"ಸೀಸೆ ತುಂಬಿಸುವಾಗ."

ಅವಳು ತನ್ನ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು.

"ಒಂದು ಸಲ ಕರೀಬಾರ್ದಿತ್ತಾ ಅಣ್ಣಾ," ಎಂದಳು. "ಅಲ್ಲೇ ಇದ್ನಲ್ಲ."

ಒಳಗೆ ತಪಾಸಣೆಯವರು ಎಲ್ಲವನ್ನೂ ಸಮಾಧಾನದಿಂದ ಕೇಳಿದರು.

"ಅದು ವೇಗಕ್ಕೆ ಹಾಕಿದ್ದಲ್ಲ ಸಾರ್, ಪೆಟ್ರೋಲು ಕೆಡದೇ ಇರ್ಲಿ ಅಂತ," ಎಂದ ಅಣ್ಣ. "ಶಿಕ್ಷೆ ನನಗೆ ಕೊಡಿ. ಗಾಡಿ ಅವಳು ಓಡಿಸಿದ್ದು ನಿಜ ತಾನೆ?"

"ಅದರಿಂದ ವೇಗ ಬರಲ್ಲ ಅಂತ ನಂಗೂ ಗೊತ್ತಪ್ಪ. ಆದ್ರೆ ಯಾಕೆ ಹಾಕಿದ್ರಿ ಅಂತ ನಿಯಮ ಕೇಳಲ್ಲ. ಇದೆಯಾ, ಇಲ್ವಾ, ಅಷ್ಟೆ." ಅವರು ಒಂದು ಕಾಗದವನ್ನು ತಂಗಿಯತ್ತ ತಿರುಗಿಸಿದರು. "ಎರಡನೇ ಸೀಸೆ ಬೇಡ ಅನ್ನೋದಾದ್ರೆ ಇಲ್ಲಿ ಸಹಿ ಮಾಡಮ್ಮ."

ಅವಳು ಮಾಡಿದಳು. ಅವರು ಪೆನ್ನು ತೆಗೆದುಕೊಳ್ಳುತ್ತ, "ಆ ಕೊನೇ ತಿರುವು ನಾನೂ ನೋಡಿದ್ದೆ," ಎಂದರು.

ಮನೆಗೆ ಬಂದವಳೇ ಒಂದು ಲೋಟ ನೀರು ಕುಡಿದು, ಹಿತ್ತಲ ನೆರಳಿಗೆ ರೇಸಿನ ಚೀಲ ತಂದು ಬಿಚ್ಚಿದಳು. ತೊಗಲಿನ ಉಡುಪನ್ನು ಹೊರತೆಗೆದು, ಒಳಗೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಹ್ಯಾಂಗರಿಗೆ ಸಿಕ್ಕಿಸಿ ತಂತಿಗೆ ನೇತುಹಾಕಿದಳು. ಅಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಬೈದುಬಿಟ್ಟಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ.

ಗಾಡಿಯ ಮೇಲೆ ಬಾಗಿ ಬಾಗಿ ಆ ಉಡುಪಿಗೆ ಅದೇ ಭಂಗಿ ಕೂತುಬಿಟ್ಟಿತ್ತು. ಬೆನ್ನು ಗೂನಾಗಿ, ಮಂಡಿ ಮಡಚಿ, ತೋಳು ಮುಂದಕ್ಕೆ ಚಾಚಿ ಅದು ತಂತಿಯಲ್ಲಿ ತೂಗುತ್ತಿತ್ತು. ತಂಗಿ ಎರಡೂ ತೋಳುಗಳನ್ನು ಹಿಡಿದು ಕೆಳಕ್ಕೆಳೆದು ನೇರ ಮಾಡಿದಳು, ಅಂಗೈಯಿಂದ ಸವರಿದಳು. ಕೈ ಬಿಟ್ಟ ಮೇಲೆ ಅವು ಮೆಲ್ಲಗೆ, ಒಂದಾದ ಮೇಲೊಂದು, ಮತ್ತೆ ಮಡಚಿಕೊಂಡವು.