ವೇದಿಕೆಗೆ ಬೇಕಾದ ವಿಧವೆ

"ಆ ಬೊಟ್ಟು ಅಳ್ಸಾಕು ಮೊದ್ಲು," ಎಂದ ನರೇಶ.

ನಾನು ಬಾಗಿಲ ಮುಂದೆ ಕೂತು ಬಿಂದಿಗೆಗಳ ಧೂಳು ಒರೆಸುತ್ತಿದ್ದೆ. ಚಿನ್ನದ ಗಣಿಯ ಸಯನೈಡ್ ದಿಬ್ಬದ ಕಡೆಯಿಂದ ಗಾಳಿ ಬೀಸಿದರೆ ಚಾಂಪಿಯನ್ ರೀಫ್ಸಿನ ನಮ್ಮ ಕಾರ್ಮಿಕರ ಮನೆಗಳ ಲೈನಿನಲ್ಲಿ ಪಾತ್ರೆ ಪಾತ್ರೆಯ ಮೇಲೂ ಬೂದಿಯಂಥ ಪುಡಿ ಕೂರುತ್ತದೆ. ಒರೆಸದೆ ನೀರು ಹಿಡಿಯುವಂತಿಲ್ಲ. ಅವನು ಬಿಳಿ ಸೀರೆಯ ಕವರನ್ನು ನನ್ನ ಮಡಿಲಿಗೆ ಎಸೆದ. ಪಕ್ಕದ ಲೈನಿನಲ್ಲೇ ಬೆಳೆದ ಹುಡುಗ, ಈಗ ಪಾರ್ಟಿ ಲೀಡರ ಕಾರಿನಲ್ಲಿ ಓಡಾಡುತ್ತಾನೆ. ನೀರಿನ ಟ್ಯಾಂಕರು ಯಾವ ಲೈನಿಗೆ ಹೋಗಬೇಕೆಂದು ಹೇಳುವವನು ಅವನೇ.

"ಸಂಜೆ ಮೀಟಿಂಗು. ಬಳೆ ತೆಗ್ದು ಬಾ. ಮುಂಡೆ ಅಂದ್ಮೇಲೆ ಮುಂಡೆ ತರ ಕಾಣ್ಬೇಕಲ್ವೇನಮ್ಮೋ."

ಇದು ಹೊಸದಲ್ಲ. ನನ್ನ ಗಂಡ ಕೋದಂಡಪ್ಪ ಗಣಿಯೊಳಗೆ ಬಂಡೆ ಸಿಡಿದು ಸತ್ತ ದಿನ ಪ್ರತಿ ವರ್ಷ ಮೀಟಿಂಗು ನಡೆಯುತ್ತದೆ. ಪಾರ್ಟಿ ಬದಲಾಗಬಹುದು, ವೇದಿಕೆಯ ಮೇಲೆ ನನ್ನ ಕುರ್ಚಿ ಇದ್ದೇ ಇರುತ್ತದೆ. ಲೀಡರು ಶಾಲು ಹೊದಿಸಿ ಕಣ್ಣೊರೆಸಿಕೊಳ್ಳುತ್ತಾರೆ. ಮಾರನೆಯ ದಿನ ಟ್ಯಾಂಕರು ಬರುತ್ತದೆ. ಅದಕ್ಕೇ ನಾನೂ ಹೋಗುತ್ತಿದ್ದೆ.

ಗಣಿ ಮುಚ್ಚಿದಾಗ ಬಾವುಟ ಹಿಡಿದು ಊರಿಗಾಂನ ಗಣಿ ಆಫೀಸಿನವರೆಗೆ ಎಲ್ಲರ ಮುಂದೆ ನಡೆದವಳು ನಾನು. ಲಾಠಿ ಬಿದ್ದ ಹೆಗಲು ಈಗ ಮೇಲೇಳುವುದಿಲ್ಲ, ಮಡಿಕೆ ಇಳಿಸಲೂ ಯಾರಾದರೂ ಬೇಕು. ಆಗ ಯಾರೂ ನನ್ನ ಹಣೆ ನೋಡಿರಲಿಲ್ಲ, ನನ್ನ ಕೂಗಿಗೆ ಕೂಗು ಕೊಟ್ಟಿದ್ದರು. ವಯಸ್ಸಾದ ಮೇಲೆ ವೇದಿಕೆ ಸಿಕ್ಕಿತು, ಮೈಕು ಮಾತ್ರ ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ.

ಈ ಸಲ ನರೇಶ ಹೋಗದೆ ನಿಂತ. ಒಳಗೆ ಕುಪ್ಪುಸ್ವಾಮಿ ನನ್ನ ಮೊಮ್ಮಗಳು ಸಹನಳ ಸ್ಕೂಲ್ ಬ್ಯಾಗಿಗೆ ಹೊಲಿಗೆ ಹಾಕುತ್ತಿದ್ದರು. ನನ್ನ ಗಂಡನ ಜೊತೆ ಒಂದೇ ಗ್ಯಾಂಗಿನಲ್ಲಿ ಕಲ್ಲು ಕೊರೆದವರು, ಹೆಣವನ್ನು ಮೇಲೆ ತಂದವರೂ ಅವರೇ. ಅವರ ಹೆಂಡತಿ ಹೋಗಿ ಬಹಳ ಕಾಲವಾಯಿತು. ಮಳೆಗೆ ಮನೆಯ ಶೀಟು ಕುಸಿದಾಗ ಇಲ್ಲಿಗೆ ಬಂದರು, ಮತ್ತೆ ಹೋಗಲಿಲ್ಲ. ಹೋಗಿ ಎಂದು ನಾನೂ ಹೇಳಲಿಲ್ಲ. ಮಗಳು ಕಲ್ಪನ ಬೆಳಗಿನ ರೈಲಿಗೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊರಡುವಾಗ ಅವರಿಗೂ ಒಂದು ಲೋಟ ಕಾಫಿ ಇಟ್ಟು ಹೋಗುತ್ತಾಳೆ. ಅವಳು ಏನೂ ಕೇಳಲಿಲ್ಲ. ಲೈನಿನವರೂ ಕೇಳಲಿಲ್ಲ, ಬೆನ್ನ ಹಿಂದೆ ಆಡಿಕೊಂಡರು ಅಷ್ಟೆ.

"ಎದುರು ಪಾರ್ಟಿಯೋರು ನಿಮ್ಮಿಬ್ರ ಫೋಟೋನ ವಾಟ್ಸಾಪ್ನಾಗೆ ಬಿಟ್ಟವ್ರೆ," ಎಂದ ನರೇಶ. "ಆ ಮುದ್ಕನ್ನ ಇವತ್ತೇ ಅವ್ನ ತಂಗಿ ಮನೆಗೆ ಸಾಗಾಕು. ಯಾರಾನ ಕೇಳಿದ್ರೆ ಅವ್ನ್ಯಾರೋ ಗೊತ್ತಿಲ್ಲ ಅನ್ನು."

ಆಗಲ್ಲ ಅಂದರೆ ಎಂದು ಕೇಳಿದೆ.

"ಲೈನಿಗೆ ನೀರಿಲ್ಲ. ಈ ವಯಸ್ನಾಗೆ ನಿಂಗೊಬ್ಬ ಗಂಡ್ಸು ಬೇಕು ಅಂತ ಇವ್ರೆಲ್ಲ ಬಾಯಾರಿ ಸಾಯ್ಬೇಕಾ?"

ಅವನು ಹೋದ ಮೇಲೆ ಹೆಂಗಸರು ಬಂದರು. ಯಾರೂ ಬೈಯಲಿಲ್ಲ. ಹಸಿ ಬಾಣಂತಿ ಸುಮಲತ ಮಗುವನ್ನು ಎತ್ತಿಕೊಂಡೇ ಬಂದಿದ್ದಳು. ನಿನ್ನದು ತಪ್ಪು ಅನ್ನುವುದಿಲ್ಲ ಅತ್ತೆ, ಮಗುವಿನ ಬಟ್ಟೆ ಒಗೆಯಲೂ ನೀರಿಲ್ಲ, ಒಂದು ಸಂಜೆಯ ಮಾತಲ್ಲವಾ ಎಂದಳು.  ಒರೆಸಿದ್ದ ಬಿಂದಿಗೆಗಳನ್ನು ಬೋರಲು ಹಾಕಿ ಎದ್ದೆ.

ಒಳಗೆ ಹೋದಾಗ ಕುಪ್ಪುಸ್ವಾಮಿ ವೈರ್ ಬುಟ್ಟಿಗೆ ಪಂಚೆ, ಅಂಗಿ ತುಂಬಿದ್ದರು. "ಬುಡು, ನಾನು ಓಯ್ತೀನಿ," ಎಂದರು. "ಪಚ್ಚ ಕೊಳಂದೆ, ಹಸಿ ಕೂಸು ಐತೆ, ನೀರು ಬೇಕಲ್ಲ."

ಸಹನ ಬುಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು. ಏನೋ ಕೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ಸ್ಕೂಲಿನಲ್ಲಿ ಯಾರೋ ನಮ್ಮಿಬ್ಬರ ಬಗ್ಗೆ ಏನೋ ಅಂದಾಗಿನಿಂದ ಹೀಗೆಯೇ ಆಡುತ್ತಿದ್ದಳು.

ಸಂಜೆ ನರೇಶನ ಹಿಂದೆ ಆಟೋ, ಟ್ಯಾಂಕರು ಒಟ್ಟಿಗೇ ಬಂದವು. ನರೇಶನ ಲೆಕ್ಕ ನನಗೆ ತಿಳಿಯಿತು: ಕುಪ್ಪುಸ್ವಾಮಿ ಆಟೋ ಹತ್ತಿದ ಮೇಲೇ ನೀರು. ಡ್ರೈವರು ಪೈಪು ಇಳಿಸಿರಲಿಲ್ಲ. ಹೆಂಗಸರು ಖಾಲಿ ಬಿಂದಿಗೆ ಹಿಡಿದು ನಿಂತಿದ್ದರು. ಮತ್ತೆ ಗಾಳಿ ಎದ್ದಿತ್ತು. ಬುಟ್ಟಿ ಹಿಡಿದು ಮೆಟ್ಟಿಲಿಳಿದ ಕುಪ್ಪುಸ್ವಾಮಿಗೆ ಕೆಮ್ಮು ಬಂತು, ಹಿಂದೆಯೇ ಉಸಿರು ಕಟ್ಟಿತು. ಬೀದಿಯಲ್ಲೇ ಕುಸಿದರು.

ಗಣಿಯಲ್ಲಿ ಕುಡಿದ ಧೂಳು. ಅದು ಎದೆಯಲ್ಲಿ ಎದ್ದರೆ ಅವರಿಗೆ ಮಲಗಲಾಗುವುದಿಲ್ಲ, ಗೋಡೆಗೂ ಒರಗಲಾಗುವುದಿಲ್ಲ. ಇನ್ನೊಂದು ಬೆನ್ನು ಬೇಕು. ಬೆನ್ನಿಗೆ ಬೆನ್ನು ಕೊಟ್ಟು ಕೂತು, ನಾನು ನಿಧಾನವಾಗಿ ಉಸಿರು ಎಳೆದು ಬಿಟ್ಟರೆ ಅವರ ಎದೆ ಅದನ್ನು ಹಿಡಿದುಕೊಂಡು ಹಿಂದೆ ಬರುತ್ತದೆ. ಬಾಗಿಲು ಹಾಕಿಕೊಂಡು ಮಾಡುತ್ತಿದ್ದ ಕೆಲಸ.

ಟ್ಯಾಂಕರಿನ ಚಕ್ರದ ಪಕ್ಕ, ಮಣ್ಣಿನಲ್ಲಿ, ದಿನ ಉಡುವ ಸೀರೆಯಲ್ಲೇ ಕೂತು ಅವರಿಗೆ ಬೆನ್ನು ಕೊಟ್ಟೆ.

"ಥೂ, ಎದ್ದೇಳಮ್ಮ. ಬೀದಿನಾಗೆ ಮಾನ ಬ್ಯಾಡ್ವಾ," ಎಂದ ನರೇಶ. ಫೋನು ತೆಗೆದವರನ್ನು ಗದರಿಸಿದ.

"ನಿಂಗೆ ಬೇಕಾಗಿರೋ ಮುಂಡೆ ಸತ್ತೋದ್ಲು ಕಣ್ಲಾ. ಓಗಿ ನಿಮ್ ಲೀಡರ್ಗೆ ಯೋಳು," ಎಂದೆ. "ನೀರು ಬುಡ್ಸು. ಅದು ನಿಮ್ಮಪ್ಪಂದಲ್ಲ."

ಅವನು ಡ್ರೈವರಿಗೆ ಗಾಡಿ ತಿರುಗಿಸು ಎಂದ. ಡ್ರೈವರು ಸ್ಟೇರಿಂಗ್ ಹಿಡಿದು ನಮ್ಮಿಬ್ಬರನ್ನು ನೋಡುತ್ತ ಕೂತ. ನಾವು ಏಳದೆ ಗಾಡಿ ತಿರುಗುವಂತಿರಲಿಲ್ಲ. ಸುಮಲತ ಬಿಂದಿಗೆ ಹಿಡಿದು ಬಂದು ನನ್ನ ಮುಂದೆ ನಿಂತಳು. ನನ್ನ ಕಡೆ ನಿಂತಳೋ, ನೀರಿನ ಕಡೆ ನಿಂತಳೋ ತಿಳಿಯಲಿಲ್ಲ. ನಾನು ಉಸಿರು ಎಳೆದು ಬಿಡುತ್ತಿದ್ದೆ. ಹಿಂದಿನ ಬೆನ್ನು ತಡವಾಗಿ ಏರುತ್ತಿತ್ತು, ತಡವಾಗಿ ಇಳಿಯುತ್ತಿತ್ತು.

ಸಹನ ಜನರ ಮಧ್ಯೆ ನುಗ್ಗಿ ಬಂದು ನನ್ನೆದುರು ಕುಕ್ಕರುಗಾಲಲ್ಲಿ ಕೂತಳು. ಎಲ್ಲರೂ ಕೇಳುವಂತೆ, ಹೆದರದೆ ಕೇಳಿದಳು:

"ಅಜ್ಜಿ, ಕುಪ್ಪು ತಾತ ನಿಂಗೆ ಏನಾಗ್ಬೇಕು?"