ಕಾಂಪೌಂಡರ್ ಕಲಿತ ಇಂಗ್ಲಿಷ್

ಮೂವತ್ತೆಂಟು ವರ್ಷ ಸೂಜಿ ಚುಚ್ಚಿದ ಕಾಂಪೌಂಡರ್‌ಗೆ ಬರುತ್ತಿದ್ದ ಇಂಗ್ಲಿಷೆಲ್ಲ ಔಷಧದ ಚೀಟಿಯದು. ದಿನಕ್ಕೆರಡು ಸಲ, ದಿನಕ್ಕೆ ಮೂರು ಸಲ, ಊಟಕ್ಕೆ ಮುಂಚೆ, ಊಟವಾದ ಮೇಲೆ. “ಇಷ್ಟು ಇಂಗ್ಲಿಷಲ್ಲೇ ಒಂದು ಬಡಾವಣೆ ಬದುಕಿಸಿದೀನಿ” ಎಂದು ಆತ ನಗುತ್ತಿದ್ದ. ಮಾತು ಪೂರ್ತಿ ಸುಳ್ಳೂ ಅಲ್ಲ. ಡಾಕ್ಟರ್ ಬೇಡ, ಕಾಂಪೌಂಡರಣ್ಣನೇ ಚುಚ್ಚಲಿ, ಅವನ ಕೈಗುಣ ಚೆನ್ನಾಗಿದೆ ಎಂದು ಜನ ಸಾಲುಗಟ್ಟಿ ಕಾಯುತ್ತಿದ್ದ ಕಾಲವಿತ್ತು.

ಮಗಳು ದೊಡ್ಡಾಸ್ಪತ್ರೆಯಲ್ಲಿ ನರ್ಸು. ಸೋಂಕು ತಡೆಯುವ ವಿಭಾಗಕ್ಕೆ ಅವಳನ್ನು ಆರಿಸಿದ್ದರು; ಆದರೆ ತರಬೇತಿ, ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲಿ. ಅವಳಿಗದು ಕಬ್ಬಿಣದ ಕಡಲೆ. ಇಂಗ್ಲಿಷ್ ಕಲಿಸಲು ಬರುತ್ತಿದ್ದ ಮೇಡಂ ಒಂದು ದಾರಿ ತೋರಿಸಿದರು: ಜಗತ್ತಿನ ಆರೋಗ್ಯದ ಬಗ್ಗೆ ಬಲ್ಲವರು ಮಾಡಿದ ಭಾಷಣಗಳನ್ನು ಫೋನಿನಲ್ಲಿ ಕೇಳುವುದು, ಒಂದೊಂದರಿಂದ ಹತ್ತು ಪದ ಬರೆದುಕೊಳ್ಳುವುದು. ಹಾಗಾಗಿ ಬೆಳಗಿನ ಪಾಳಿ ಇಲ್ಲದ ದಿನ ಅಡುಗೆಮನೆಯ ಮೇಜಿನ ಮೇಲೆ ಫೋನು ಮಾತಾಡುತ್ತಿತ್ತು. ಮಗಳು ಬರೆಯುತ್ತಿದ್ದಳು, ಅಪ್ಪ ನೋಟ್‌ಬುಕ್ ಹಿಡಿದು ಮೇಷ್ಟ್ರಾಗುತ್ತಿದ್ದ.

“ಸ್ಟೆರೈಲ್?”

“ಅದನ್ನ ನೀನೇ ಹೇಳಪ್ಪ.”

“ಕ್ರಿಮಿ ಇಲ್ಲದ್ದು. ನೀನು ಹುಟ್ಟೋಕೆ ಮುಂಚಿನಿಂದ ಗೊತ್ತು. ಸೂಜಿ ಕುದಿಸಿ ಕುದಿಸಿ ನನ್ನ ಅರ್ಧ ಆಯಸ್ಸೇ ಆವಿಯಾಗಿದೆ.”

ಆ ದಿನದ ಭಾಷಣ ಇಂಜೆಕ್ಷನ್ ಸುರಕ್ಷತೆಯದು. ಎಲ್ಲೋ ಒಂದು ಚಿಕ್ಕ ಕ್ಲಿನಿಕ್. ಅಲ್ಲಿಗೆ ಹೋಗಿ ಬಂದ ನೂರಾರು ಜನಕ್ಕೆ ಲಿವರ್ ಸೋಂಕು. ಮಗಳು ನಿಲ್ಲಿಸಿ ನಿಲ್ಲಿಸಿ ಕೇಳುತ್ತ ‘ರೀಯೂಸ್’ ಎಂದು ಬರೆದಳು.

“ಅಂದ್ರೆ?”

“ಒಬ್ಬರಿಗೆ ಬಳಸಿದ್ದನ್ನ ಇನ್ನೊಬ್ಬರಿಗೆ ಬಳಸೋದು. ಅಲ್ಲಿ ಸೂಜಿ ಬದಲಾಯಿಸ್ತಿದ್ರಂತೆ, ಸಿರಿಂಜ್ ಮಾತ್ರ ಅದೇ.”

“ಸೂಜಿ ಬದಲಾಯಿಸಿದ ಮೇಲೆ ಇನ್ನೇನಂತೆ?”

“ಸಿರಿಂಜಿನೊಳಗೂ ರಕ್ತ ಸೇರಿರುತ್ತೆ ಅಪ್ಪ. ಕಣ್ಣಿಗೆ ಕಾಣದಷ್ಟು. ಅಷ್ಟು ಸಾಕು.”

ಹೇಳಿ ತಲೆಯೆತ್ತಿದವಳು ಅಪ್ಪನ ಮುಖ ನೋಡಿ ಫೋನು ನಿಲ್ಲಿಸಿದಳು. ಆತ ಮುಂದಿನ ಪದದ ಮೇಲೆ ಬೆರಳಿಟ್ಟಿದ್ದ.

“ಪ್ರಿವೆಂಟೆಬಲ್. ಇದು?”

“ಅದು ಕಷ್ಟದ ಪದ. ಬಿಡು.”

“ಪರೀಕ್ಷೆಯಲ್ಲಿ ಬಿಡ್ತಾರಾ? ಹೇಳು.”

“ತಪ್ಪಿಸಬಹುದಾಗಿದ್ದದ್ದು” ಎಂದಳು.

ಕಾಂಪೌಂಡರ್ ನೋಟ್‌ಬುಕ್ ಮುಚ್ಚಿಟ್ಟು ಎದ್ದ. ಮಧ್ಯಾಹ್ನ ತಾನಾಗಿಯೇ ಹೇಳಿದ. ಜ್ವರದ ಕಾಲದಲ್ಲಿ ಬೀದಿಯ ತನಕ ಜನ, ಕುದಿಸುವಷ್ಟು ಹೊತ್ತೆಲ್ಲಿ? ಸೂಜಿ ತೆಗೆದು ಬೇರೆ ಹಾಕಿ, ಸಿರಿಂಜಿಗೆ ಒಂದಿಷ್ಟು ಸ್ಪಿರಿಟ್ ಎಳೆದು ಚೆಲ್ಲಿ, ಮುಂದಿನವರನ್ನು ಕರೆಯುವುದು. ಡಾಕ್ಟರ್ ನೋಡಿಯೂ ಸುಮ್ಮನಿದ್ದರು, ಅವರೀಗ ಇಲ್ಲ. ಎಷ್ಟೋ ವರ್ಷಗಳ ಮೇಲೆ ಹಿಂದಿನ ಬೀದಿಯಲ್ಲಿ ಒಬ್ಬರಾದ ಮೇಲೊಬ್ಬರು ಲಿವರ್ ಕೆಟ್ಟು ಹೊಟ್ಟೆ ಊದಿಕೊಂಡು ತೀರಿಕೊಂಡರು. ಅದೇ ಬೀದಿಯ ಟೈಲರನ ಹೆಂಡತಿಯೂ.

“ಎಲ್ಲರೂ ನೀರನ್ನ ದೂರಿದ್ರು. ನಾನೂ ದೂರಿದೆ.”

“ನಿನ್ನ ಸಿರಿಂಜಿನಿಂದಲೇ ಆಯ್ತು ಅಂತ ಹೇಳೋಕಾಗಲ್ಲ ಅಪ್ಪ.”

“ಮಗಳಾಗಿ ಹೇಳ್ತಿದೀಯಾ, ನರ್ಸಾಗಿ ಹೇಳ್ತಿದೀಯಾ?”

ಅವಳು ಅಪ್ಪನ ಪಕ್ಕ ಕೂತು, “ಬದುಕಿರೋರಿಗೆ ಈಗ ಮಾತ್ರೆ ಇದೆ. ಮೂರು ತಿಂಗಳು ತಗೊಂಡ್ರೆ ಬಹಳ ಜನಕ್ಕೆ ವಾಸಿಯಾಗುತ್ತೆ. ಆದ್ರೆ ಒಳಗೆ ರೋಗ ಇದೆ ಅಂತ ಅವರಿಗೆ ಗೊತ್ತಾಗಬೇಕಲ್ಲ” ಎಂದಳು.

ಮರುದಿನ ಬೆಳಿಗ್ಗೆ ಆತ ಟೈಲರನ ಅಂಗಡಿಗೆ ಹೋದ. “ಬನ್ನಿ ಕಾಂಪೌಂಡರಣ್ಣ, ಕೂತ್ಕೊಳ್ಳಿ” ಎಂದು ಟೈಲರ್ ಸ್ಟೂಲ್ ಎಳೆದ. ಕಾಂಪೌಂಡರ್ ಕೂರಲಿಲ್ಲ. ನಿಂತೇ ಎಲ್ಲ ಹೇಳಿದ, ಏನನ್ನೂ ಮುಚ್ಚಿಡದೆ. ಹೊಲಿಗೆ ಯಂತ್ರ ಕಾಲರಿನ ಅರ್ಧದಲ್ಲಿ ನಿಂತಿತು.

“ನಿನ್ನ ಕೈಯಲ್ಲೇ ಚುಚ್ಚಿಸ್ಕೋಬೇಕು ಅಂತ ಅವಳು ಬಿಸಿಲಲ್ಲಿ ಕಾಯ್ತಿದ್ಲು” ಎಂದ ಟೈಲರ್. ‘ಬನ್ನಿ’ ಎಂದ ಬಾಯಲ್ಲಿ ಮೊದಲ ಸಲ ಏಕವಚನ ಬಂದಿತ್ತು. “ಈಗ ಯಾಕೆ ಬಂದೆ? ಕ್ಷಮೆಗಾ?”

“ಅಲ್ಲ. ನಿಮಗೂ ಚುಚ್ಚಿದೀನಿ. ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ.”

“ಹೊರಗೆ ನಡಿ.”

ನಡೆದ. ಆದರೆ ಮನೆಗಲ್ಲ, ಪಕ್ಕದ ಬಾಗಿಲಿಗೆ. ಹತ್ತು ದಿನ ಹಾಗೆಯೇ ತಿರುಗಿದ. ಒಬ್ಬಾಕೆ ಬಾಯಿಗೆ ಬಂದಂತೆ ಬೈದಳು, ಕೇಳಿಸಿಕೊಂಡ. ಒಬ್ಬ ಮುದುಕ “ನಿನ್ನ ಕೈಗುಣದಿಂದಲೇ ಬದುಕಿದೀನಿ ಹೋಗಯ್ಯ” ಎಂದು ಬೆನ್ನು ತಟ್ಟಿದ. ಆಗ ಮಾತ್ರ ಕಾಂಪೌಂಡರ್‌ಗೆ ತಡೆಯಲಾಗದೆ ಅದೇ ಜಗಲಿಯ ಮೇಲೆ ಕುಳಿತು ಅತ್ತ.

ಮಗಳು ಮೇಲಿನವರಿಗೆ ತಿಳಿಸಿದಳು. ಒಂದು ಭಾನುವಾರ ಅದೇ ಬೀದಿಯ ಶಾಲೆಯಲ್ಲಿ ಆಸ್ಪತ್ರೆಯವರು ರಕ್ತ ತೆಗೆದುಕೊಂಡರು. ನಲವತ್ತೊಂದು ಜನ ಬಂದರು. ಒಂಬತ್ತು ಜನಕ್ಕೆ ಸೋಂಕಿತ್ತು. ಟೈಲರ್ ಬಂದಿರಲಿಲ್ಲ. ಆ ಹೊತ್ತಿಗೆ ಅವಳ ಪರೀಕ್ಷೆಯ ಫಲಿತಾಂಶವೂ ಬಂತು. ಪಾಸಾಗಿದ್ದಳು. ಮನೆಯಲ್ಲಿ ಯಾರಿಗೂ ಸಂಭ್ರಮಿಸುವ ಮನಸ್ಸಾಗಲಿಲ್ಲ.

ತಿಂಗಳ ನಂತರ ಟೈಲರ್ ತಾನೇ ಆಸ್ಪತ್ರೆಗೆ ಬಂದು ತೋಳು ಚಾಚಿದ. ಸೋಂಕಿತ್ತು, ಲಿವರ್ ಇನ್ನೂ ಕೆಟ್ಟಿರಲಿಲ್ಲ. ಮಾತ್ರೆಯ ಪೊಟ್ಟಣ ಜೇಬಿಗಿಟ್ಟುಕೊಳ್ಳುತ್ತ, “ನಿಮ್ಮಪ್ಪನಿಗೆ ಹೇಳಮ್ಮ. ಕ್ಷಮಿಸಿಲ್ಲ. ಆದ್ರೆ ಪರೀಕ್ಷೆ ಮಾಡಿಸ್ಕೊಂಡೆ ಅಂತ ಹೇಳು” ಎಂದ.

ಅವಳು ಮನೆಗೆ ಬಂದು ಆ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ಕಾಂಪೌಂಡರ್ ತಲೆಯಾಡಿಸಿ, ಚಪ್ಪಲಿ ಮೆಟ್ಟಿ ಹೊರಟ. ಆ ಬೀದಿಯಲ್ಲಿ ಇನ್ನೂ ನಾಲ್ಕು ಮನೆಯವರು ಬಾಗಿಲು ತೆರೆದಿರಲಿಲ್ಲ.